ಸೊಸೆಯ ದನಿ

ಬೇಕಾದರೆ ನಂಬಿ, ಇದು ನಾನು ಕಣ್ಣಾರೆ ಕಂಡದ್ದು. ಹಾಸಿಗೆ ಹಿಡಿದವರ ಆರೈಕೆಗೆ ಮನೆಮನೆಗೆ ಜನ ಕಳಿಸುವ ಸಂಸ್ಥೆಯನ್ನು ಆಗಷ್ಟೇ ಶುರು ಮಾಡಿದ್ದೆ. ಐದನೇ ದಿನಕ್ಕೇ ಮೊದಲ ಮನೆಯ ಸೊಸೆಯ ಫೋನ್ ಬಂತು.

“ಅತ್ತೇನ ನೋಡ್ಕೊಳ್ಳೋಕೆ ನೀವು ಕಳಿಸಿದ ದಾಕ್ಷಾಯಿಣಿ ರೂಮಿನ ಬಾಗಿಲು ಹಾಕ್ಕೊಂಡು ನನ್ನನ್ನೇ ಅಣಕಿಸ್ತಾಳೆ ಕಣ್ರೀ! ಸೊಂಟ ಮುರಿದಾಗಿಂದ ಅತ್ತೆ ಬಾಯೇ ಬಿಟ್ಟಿಲ್ಲ, ಯಾರಿಗೂ ಹೇಳಲ್ಲ ಅನ್ನೋ ಧೈರ್ಯ ಅವಳಿಗೆ. ಬಂದು ಕೇಳಿ. ನಿಜ ಆದ್ರೆ ನಿಮ್ಮ ಸಂಸ್ಥೇನೇ ಬೇಡ.”

ಓಡಿದೆ. ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿದೆವು.

“ಅಯ್ಯೋ ಅತ್ತೇ, ಮತ್ತೆ ಗಂಜಿ ಚೆಲ್ಲಿದ್ರಾ? ಹೊಸಾ ಬೆಡ್‌ಶೀಟು!”

ಥೇಟ್ ಸೊಸೆಯ ದನಿ. ನನ್ನ ಮೊದಲ ಗಿರಾಕಿ ಕೈತಪ್ಪಿದಂತೆಯೇ ಅಂದುಕೊಂಡೆ. ಸೊಸೆ ದಡಾರನೆ ಬಾಗಿಲು ನೂಕಿದಳು.

ದಾಕ್ಷಾಯಿಣಿ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದಳು. “ಇದನ್ನ ಒಗೆಯೋರು ಯಾರು, ನಾನಾ?” ಎಂದು ಸೊಸೆಯ ದನಿಯಲ್ಲಿ ಗದರುತ್ತಿದ್ದವರು ಹಾಸಿಗೆಯಲ್ಲಿದ್ದ ಅತ್ತೆ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಸೊಸೆ.