ಒಂಬತ್ತನೇ ಮಹಡಿಯ ಸಂಸಾರ

"ಮನೆ ನೋಡೋಕೆ ಬಂದ್ರಾ?" ಕಾವಲುಗಾರ ಕೇಳಿದ.

"ಹೌದು. ಕಣ್ತುಂಬ ನೋಡೋಕೇ ಬಂದಿದ್ದೀವಿ," ಎಂದಳು ಹೆಂಡತಿ, ಜೊತೆಗಿದ್ದ ಅತ್ತೆಯ ಕೈ ಹಿಡಿದು. ಅವನು ಲಿಫ್ಟಿನಲ್ಲಿ ಒಂಬತ್ತನ್ನು ಒತ್ತಿದ.

ಬಾಗಿಲು ತೆರೆದದ್ದು ತುಟಿಗೆ ಬಣ್ಣ ಹಚ್ಚಿದ ಹೆಂಗಸು. ಅವಳ ಹಿಂದೆ, ಸೋಫಾದ ಮೇಲೆ ಇಸ್ತ್ರಿ ಶರ್ಟು ತೊಟ್ಟು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದವನು, ಗಾರೆ ಕೆಲಸಕ್ಕೆಂದು ಪಟ್ಟಣಕ್ಕೆ ಬಂದಿದ್ದ ತನ್ನ ಗಂಡ. ಕಾಲ ಬಳಿ ಇಬ್ಬರು ಮಕ್ಕಳು.

"ನೋಡಿದ್ರಾ ಅತ್ತೆ? ದರ್ಜಿ ಹೇಳಿದ್ದು ಸುಳ್ಳಲ್ಲ."

ಬಟ್ಟೆ ತರಲು ಪಟ್ಟಣಕ್ಕೆ ಬಂದಿದ್ದ ಊರಿನ ದರ್ಜಿ, ಅವನಿಗೆ ಇಲ್ಲೊಂದು ಸಂಸಾರವಿದೆಯೆಂದು ಕಣ್ಣಾರೆ ಕಂಡು ಹೇಳಿದ್ದ. ಅವಳು ನಂಬಿರಲಿಲ್ಲ. ಊರಲ್ಲಿ ಹೊಸ ಮನೆ ಕಟ್ಟಿಸುವವರೇ ಇಲ್ಲದಂತಾದಾಗ ಗಾರೆ ಮೆತ್ತುವ ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟವನು, ಬಸ್ಸು ಹತ್ತುವಾಗ ಮುಖ ತಿರುಗಿಸಿ ಅತ್ತಿದ್ದ. ಅಂಥವನು!

ಅತ್ತೆ ನೇರ ಹೋಗಿ ಮಗನ ಕೆನ್ನೆಗೆ ಒಂದು ಬಿಟ್ಟರು.

ಚಿಕ್ಕ ಹುಡುಗಿ ಆ ಹೆಂಗಸಿನತ್ತ ನೋಡಿ, "ಈಗ ಅಳಬೇಕಾ?" ಎಂದಳು.

"ಬೇಡ. ನಗ್ತಾ ಇರು."

ಗಂಡ ಪಿಸುಗುಟ್ಟಿದ: "ಆರು ಗಂಟೆವರೆಗೆ ಸುಮ್ಮನಿರೇ. ಆಮೇಲೆ ನಿನ್ನ ಜೊತೆ ಬರ್ತೀನಿ."

"ನಮ್ಮಿಬ್ಬರಿಗೂ ಪಾಳಿ ಹಾಕಿದ್ದೀರಾ?"

"ನಂಗೇನೂ ಇವರ ಮೇಲೆ ಆಸೆಯಿಲ್ಲಮ್ಮ," ಹೆಂಗಸು ಗಡಿಯಾರ ನೋಡಿಕೊಂಡಳು. "ಆರಕ್ಕೆ ಕರ್ಕೊಂಡು ಹೋಗಿ."

ಇದು ಹೆಂಡತಿಗೆ ಇನ್ನೂ ಆಳಕ್ಕೆ ನಾಟಿತು. ಕಣ್ಣೀರು ತಡೆಯಲಾಗಲಿಲ್ಲ. ಸಿಟ್ಟನ್ನು ಎಲ್ಲಿ ತೀರಿಸಿಕೊಳ್ಳುವುದೋ ತಿಳಿಯದೆ ಅತ್ತೆ ಮೇಜಿನ ಮೇಲಿದ್ದ ಸೇಬು ಎತ್ತಿ ಕಚ್ಚಿದರು. ಹಲ್ಲು ಅಲುಗಾಡಿತು. ಪ್ಲಾಸ್ಟಿಕ್ಕು.

"ಈ ಮನೇಲಿ ಹಣ್ಣೂ ಸುಳ್ಳೇನೋ?" ಎನ್ನುತ್ತ ಮತ್ತೆ ಕೈ ಎತ್ತಿದರು.

ಆಗ ಟೈ ಕಟ್ಟಿದವನೊಬ್ಬ ಎಳೆಯ ದಂಪತಿಗಳನ್ನು ಕರೆದುಕೊಂಡು ಒಳಬಂದ. "ಬನ್ನಿ ಸಾರ್, ಮೇಡಂ. ಇದು ನಾವು ಮಾರ್ತಿರೋ ಫ್ಲ್ಯಾಟಿನ ಮಾದರಿ ಮನೆ. ಸಂಸಾರಾನೂ ಮಾದರೀನೇ, ಸಂಬಳಕ್ಕೆ ಇಟ್ಟಿದ್ದೀವಿ." ಅಷ್ಟರಲ್ಲಿ ಎತ್ತಿದ ಕೈ, ಅಳುವ ಸೊಸೆ ಕಣ್ಣಿಗೆ ಬಿದ್ದದ್ದೇ ಅವನು ದಂಪತಿಗಳಿಗೆ ಅಡ್ಡ ನಿಂತ.

ಕೊಳ್ಳಲು ಬಂದ ಹೆಣ್ಣು ಮಾತ್ರ ತನ್ನ ಗಂಡನ ತೋಳು ಹಿಡಿದಳು. "ನಮ್ಮನೆ ಥರಾನೇ ಇದೆ ರೀ. ಇದನ್ನೇ ತಗೊಳ್ಳೋಣ."

ಬಾಲ್ಕನಿಯಲ್ಲಿ ಹೆಂಡತಿಯೆದುರು ಗಾರೆಯವನು ತಲೆ ತಗ್ಗಿಸಿ ನಿಂತ. "ಕಟ್ಟಡಕ್ಕೆ ಕಟ್ಟಿದ್ದ ಸಾರುವೆ ಮೇಲಿಂದ ಬಿದ್ದೆ ಕಣೆ. ತೋಳು ಮೇಲೇಳಲ್ಲ. ಮುಖ ಚೆನ್ನಾಗಿದೆ ಅಂತ ಇಲ್ಲಿ ಕೂರಿಸಿದ್ರು. ಸುಮ್ಮನೆ ಕೂತಿರ್ತೀನಿ ಅಂತ ನಿಂಗೆ ಹೇಗೆ ಹೇಳಲಿ?"

ಅವಳು ಆ ತೋಳನ್ನು ಮೆಲ್ಲಗೆ ಒತ್ತಿ ನೋಡಿದಳು. "ಊರಿಗೆ ಬಂದುಬಿಡಬಹುದಿತ್ತಲ್ಲ?"

"ಅಲ್ಲಿ ಯಾರಿದ್ದಾರೆ? ಎಲ್ಲರೂ ಈ ಮನೆ ನೋಡೋಕೆ ಬರ್ತಿದ್ದಾರೆ."

ಮರುವಾರವೇ ಊರಿನ ಮನೆಗೆ ಬೀಗ ಬಿತ್ತು. ಅತ್ತೆಗೆ ಒಂಬತ್ತನೇ ಮಹಡಿಯಲ್ಲೇ, ಸಂಬಳಕ್ಕೆ ಮಗನನ್ನು ಗದರುವ ಕೆಲಸ. ಹೆಂಡತಿಗೆ ಎದುರಿನ ಮಾದರಿ ಫ್ಲ್ಯಾಟಿನಲ್ಲಿ, ಬೇರೊಬ್ಬನ ಹೆಂಡತಿಯಾಗಿ.