ಎರಡು ಬಡಿತ ಒಂದಾದ ಮಧ್ಯಾಹ್ನ

ಹುಬ್ಬಳ್ಳಿಯಲ್ಲಿ ಹೃದಯಕ್ಕೆ ತೇಪೆ ಹಾಕಿಸುವುದು ಈಗ ಹಲ್ಲು ಕಟ್ಟಿಸಿದಷ್ಟೇ ಸಾಮಾನ್ಯ. ಆದರೆ ಬಸ್ ಚಾಲಕಿ ಮಾಬೂಬಿಯ ಎದೆಯಲ್ಲಿ ಮೂರು ದಿನದಿಂದ ಎರಡು ಬಡಿತ. ಅವಳದೇ ಚರ್ಮದ ಜೀವಕೋಶಗಳಿಂದ ಹೃದಯದ ಸ್ನಾಯುವಾಗಿ ಬೆಳೆಸಿದ ತೇಪೆ ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ಮಧ್ಯಾಹ್ನದೊಳಗೆ ಅದು ಹೃದಯದೊಂದಿಗೆ ಕೂಡದಿದ್ದರೆ ಜೀವಕ್ಕೇ ಅಪಾಯ, ತೆಗೆಯಲೇಬೇಕಿತ್ತು.

“ಜೀವಕೋಶಗಳ ನಡುವಿನ ಬಾಗಿಲಾ ತೆರಿಯಾಕತ್ಯಾವ, ಅಕ್ಕಾರ,” ಎಂದಳು ಆಸ್ಪತ್ರೆಯ ತಂತ್ರಜ್ಞೆ ನೀಲಾಂಬಿಕಾ. “ಒಂದರ ಸುದ್ದಿ ಇನ್ನೊಂದಕ್ಕ ಮುಟ್ಟಬೇಕು, ಅಷ್ಟ.”

ಎದೆಬಡಿತ ಕೇಳಿಸುತ್ತಿದ್ದ ಸ್ಪೀಕರಿನಲ್ಲಿ ಎರಡು ಸದ್ದುಗಳು ಹತ್ತಿರ ಬಂದವು, ಮತ್ತೆ ದೂರವಾದವು. ಮಾಬೂಬಿ ಉಸಿರು ಬಿಗಿಹಿಡಿದಳು. ಥಟ್ಟನೆ ಒಂದೇ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು, ಮತ್ತೊಂದು.

“ಕೂಡಿದ್ವು!” ನೀಲಾಂಬಿಕಾ ಕುಣಿದೇಬಿಟ್ಟಳು.

“ಕೈ ಕೊಡವ್ವಾ,” ಎಂದು ಮಾಬೂಬಿ ಅವಳ ಅಂಗೈಯನ್ನು ಎದೆಗೆ ಒತ್ತಿಕೊಂಡಳು. “ಎಷ್ಟ ಜೋರ ಐತಿ ನೋಡು! ಇದು ಪೂರಾ ನಂದ!”