ಹೊಟ್ಟೆಯೊಳಗಿನ ಮಾತು

ಕಕ್ಕಸಿನಲ್ಲಿ ಕೂತಿದ್ದ ಶಿವಮೂರ್ತಪ್ಪನವರಿಗೆ ಮೇಲೇಳಲು ಆಗಲಿಲ್ಲ. ಕಾಲುಗಳು ತಮ್ಮವಲ್ಲ ಅನ್ನಿಸಿತು. ಗೋಡೆ ಹಿಡಿಯಲು ಹೋದರೆ ಕೈಯೂ ಮಾತು ಕೇಳಲಿಲ್ಲ. ಎದೆ ಒಂದು ಸಲ ಬಡಿದು, ಇನ್ನೊಂದು ಸಲ ಬಡಿಯಬೇಕೋ ಬೇಡವೋ ಎಂದು ಯೋಚಿಸುವಂತಿತ್ತು. ಬಂದ ಕೆಲಸವೂ ಆಗಿರಲಿಲ್ಲ.

ಸೊಸೆ ಕೋಮಲಾ ಹೊರಗಿನಿಂದ ಬಾಗಿಲು ತಟ್ಟಿದಳು. "ಮಾವ, ಡಯಾಲಿಸಿಸ್‌ಗೆ ಹೊತ್ತಾಯ್ತು. ಯಾಕೆ ಇಷ್ಟೊತ್ತು?"

"ಏನಿಲ್ಲಮ್ಮ. ನಿಮ್ಮತ್ತೇನ ಕಳಿಸು."

"ಅತ್ತೆ ತೋಟಕ್ಕೆ ಹೋದ್ರು. ನಾನೇ ಬರ್ಲಾ?"

"ಬ್ಯಾಡ ಕಣಮ್ಮ. ಪಂಚೆ ಸರಿಯಾಗಿಲ್ಲ."

ಮಾವನ ನಾಲಿಗೆ ತೊದಲುತ್ತಿರುವುದು ಅವಳಿಗೆ ಗೊತ್ತಾಯಿತು. ಹಿತ್ತಲಿನಿಂದ ಹಾರೆ ತಂದು ಚಿಲಕ ಮೀಟಿದಳು. "ಕಣ್ಣು ಮುಚ್ಕೊಂಡೇ ಬತ್ತಿದೀನಿ ಮಾವ," ಎಂದು ಕೂಗಿ, ಕಣ್ಣು ಬಿಟ್ಟುಕೊಂಡೇ ಒಳಗೆ ನುಗ್ಗಿದಳು. ಪಂಚೆ ಸುತ್ತಿ, ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಪಕ್ಕದ ಮನೆ ಸತೀಶನನ್ನು ಕರೆದು ಅವನ ಕಾರಿನಲ್ಲಿ ಮಲಗಿಸಿದಳು. ಪಂಚನಹಳ್ಳಿಯಿಂದ ಕಡೂರಿನ ಆಸ್ಪತ್ರೆ ತನಕ ಶಿವಮೂರ್ತಪ್ಪ ಹೋದ ಮರ್ಯಾದೆಯ ಬಗ್ಗೆ ಯೋಚಿಸುತ್ತಿದ್ದರು. ಕೋಮಲಾ ಅವರ ನಾಡಿ ಹಿಡಿದು ಕೂತಿದ್ದಳು.

ಇಸಿಜಿ ನೋಡಿದ ಡಾಕ್ಟರ್ ಅಕ್ಷತಾ ಇಂಜೆಕ್ಷನ್ ಕೊಟ್ಟು, ನೇರವಾಗಿ ಡಯಾಲಿಸಿಸ್ ಮೆಷೀನಿಗೆ ಹಾಕಿಸಿದರು. ರಕ್ತ ಶುದ್ಧವಾಗುತ್ತಾ ಬಂದಂತೆ ಕಾಲಿಗೆ ಜೀವ ಬಂತು. ಆಮೇಲೆ ಡಾಕ್ಟರು ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು.

"ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯ ನಿಲ್ಲೋದ್ರಲ್ಲಿತ್ತು. ಏನು ತಿಂದ್ರಿ?"

"ಮುದ್ದೆ, ಸಾರು."

"ಇನ್ನೇನು?"

"ಬಾಳೆಹಣ್ಣು. ಮೇಲೆ ಎಳನೀರು. ನಮ್ಮ ಪಕ್ಕದ ತೋಟದ ಗುರುಮೂರ್ತಿ ಹೇಳ್ದ, ಹಂಗೆ ಮಾಡಿದ್ರೆ ಸಲೀಸಾಗುತ್ತೆ ಅಂತ."

"ಯಾವುದು ಸಲೀಸಾಗುತ್ತೆ?"

ಶಿವಮೂರ್ತಪ್ಪ ಸೊಸೆಯ ಕಡೆ ನೋಡಿದರು. ಅವಳು ಕಿಟಕಿಯ ಕಡೆ ತಿರುಗಿ ನಿಂತಳು.

"ವಾರದಿಂದ ಹೊರಗಡೆ ಆಗಿಲ್ಲ," ಎಂದರು, ಕಳ್ಳತನ ಒಪ್ಪಿಕೊಳ್ಳುವ ದನಿಯಲ್ಲಿ.

"ನನಗ್ಯಾಕೆ ಹೇಳಲಿಲ್ಲ?"

"ನಿಮಗೆ ನಮ್ಮ ಮೊಮ್ಮಗಳ ವಯಸ್ಸು."

ಡಾಕ್ಟರ್ ನಗಲಿಲ್ಲ. "ಡಯಾಲಿಸಿಸ್ ಮಾಡಿಸಿಕೊಳ್ಳೋರಲ್ಲಿ ಎಷ್ಟೋ ಜನಕ್ಕೆ ಇದೇ ತೊಂದರೆ. ನೀರು ಅಳೆದು ಕುಡೀತೀರಿ, ಹಣ್ಣು-ಸೊಪ್ಪು ಕಡಿಮೆ, ಕೆಲವು ಮಾತ್ರೆ ಬೇರೆ ಹೊಟ್ಟೆ ಕಟ್ಟುತ್ತವೆ. ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ನಾರಿನಂಶ ಸಿಗದಿದ್ರೆ ಒಳ್ಳೆಯವು ಸೊರಗ್ತವೆ, ಕೆಟ್ಟವು ಹೆಚ್ಚಾಗಿ ವಿಷ ಮಾಡ್ತವೆ. ಆ ವಿಷ ಆಚೆ ಹಾಕೋಕೆ ನಿಮ್ಮ ಕಿಡ್ನಿ ಕೆಲಸ ಮಾಡ್ತಿಲ್ಲ. ಪೊಟ್ಯಾಶಿಯಂ ಕೂಡ ಒಂದಷ್ಟು ಕರುಳಿನಿಂದಲೇ ಹೋಗಬೇಕು. ಆ ದಾರಿನೂ ಮುಚ್ಚಿಕೊಂಡು, ಮೇಲೆ ಪೊಟ್ಯಾಶಿಯಂ ತುಂಬಿರೋ ಬಾಳೆಹಣ್ಣು, ಎಳನೀರು ತಗೊಂಡ್ರೆ?"

"ಕೋಟಿಗಟ್ಟಲೆ?" ಶಿವಮೂರ್ತಪ್ಪ ತಮ್ಮ ಹೊಟ್ಟೆಯನ್ನು ನೋಡಿಕೊಂಡರು. "ಅಷ್ಟು ಜನಕ್ಕೂ ನಾನೇ ಊಟ ಹಾಕಬೇಕಾ?"

"ಹೌದು. ಏನು ಹಾಕಬೇಕು ಅಂತ ಮಾತ್ರ ನನ್ನ ಕೇಳಿ, ಗುರುಮೂರ್ತಿಯವರನ್ನಲ್ಲ." ಒಂದು ಸಿರಪ್ ಬರೆದುಕೊಟ್ಟು, ಯಾವ ತರಕಾರಿಯನ್ನು ಬೇಯಿಸಿ ನೀರು ಬಸಿದು ತಿನ್ನಬಹುದು ಎಂದು ಕೋಮಲಾಗೆ ಹೇಳಿದರು.

ವಾಪಸು ಬರುವಾಗ ಕಾರಿನಲ್ಲಿ ಕೋಮಲಾ ಮಾವನ ಕಡೆ ತಿರುಗಿದಳು. "ನಾನು ಬಾಗಿಲು ಮುರೀದೆ ಇದ್ದಿದ್ರೆ? ಪಂಚೆ ಸರಿ ಮಾಡ್ಕೊಂಡು ಸಾಯೋಣ ಅಂತಿದ್ರಾ ಮಾವ?" ಅಷ್ಟು ಹೇಳುವುದರೊಳಗೆ ಅತ್ತುಬಿಟ್ಟಳು. ಶಿವಮೂರ್ತಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈಗೆ ಕೊಟ್ಟರು.

ಮಾರನೇ ದಿನ ಸಂಜೆ ಸಿರಪ್ ಕೆಲಸ ಮಾಡಿತು. ಹೆಂಡತಿ ಪ್ರೇಮಮ್ಮ ಬೀರೂರು ಜಂಕ್ಷನ್‌ನಲ್ಲಿ ಡ್ಯೂಟಿಯಲ್ಲಿದ್ದ ಮಗನಿಗೆ ಫೋನ್ ಮಾಡಿ, "ನಿಮ್ಮಪ್ಪಂಗೆ ಆಯ್ತು ಕಣೋ," ಎಂದರು. ಪ್ರಸನ್ನಕುಮಾರ್ ಗಾಬರಿಯಾಗಿ "ಏನಾಯ್ತು?" ಎಂದು ಕಿರುಚಿದ. ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ಡಯಾಲಿಸಿಸ್ ದಿನ ಪಕ್ಕದ ಹಾಸಿಗೆಗೆ ಸಿಂಗಟಗೆರೆಯ ರಂಗಪ್ಪ ಬಂದರು. ಮುಖ ಬಾಡಿತ್ತು, ಹೊಟ್ಟೆ ಉಬ್ಬಿತ್ತು. ಅಭ್ಯಾಸದಂತೆ ಕೇಳಿದರು: "ತಿಂಡಿ ಆಯ್ತಾ ಶಿವಮೂರ್ತಪ್ಪನೋರೆ?"

"ಆಯ್ತು. ನಿಮಗೆ ಹೊರಗಡೆ ಆಯ್ತಾ?"

ರಂಗಪ್ಪ ಸೂರು ನೋಡಿದರು. ನರ್ಸ್ ಸೂಜಿ ಹಾಕಿ ಹೋದಳು. ಮೆಷೀನುಗಳು ತಿರುಗತೊಡಗಿದವು. ಎಲ್ಲರ ರಕ್ತವೂ ಕೊಳವೆಗಳಲ್ಲಿ ಎಲ್ಲರಿಗೂ ಕಾಣುವಂತೆ ಓಡಾಡುತ್ತಿತ್ತು.

"ಇಷ್ಟು ವರ್ಷಕ್ಕೆ ನೀವೊಬ್ರೇ ಕಣ್ರೀ ನನ್ನ ಇದನ್ನ ಕೇಳಿದ್ದು," ಎಂದರು ರಂಗಪ್ಪ ಕೊನೆಗೆ. "ಆಗಿಲ್ಲ."

"ಡಾಕ್ಟ್ರೇ," ಶಿವಮೂರ್ತಪ್ಪ ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು. "ರಂಗಪ್ಪನೋರಿಗೆ ಹೊಟ್ಟೆ ಕಟ್ಟಿದೆ. ಬನ್ನಿ ಇಲ್ಲಿ."

ಅಕ್ಷತಾ ಬಂದರು. ಎದುರಿನ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ತರೀಕೆರೆಯ ಮಲ್ಲಿಕಾಂಬ, ಕಣ್ಣು ತೆರೆಯದೆಯೇ, ಸೂಜಿ ಹಾಕದ ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು.